ಘಾಟು ಬರ್ತೈತಿ, ವಾಸ್ನೆ ಬರಲ್ಲ: ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಒಂದು ಪ್ರಕರಣ

ಇಲ್ಲಿ ಬರುವ ವ್ಯಕ್ತಿಗೆ ಹೆಸರಿಲ್ಲ. ವಾಸನೆ ಕುಂದಿ, ಕೈ ನಡುಗಿ, ಚಲನೆ ನಿಧಾನವಾಗುವ ಪಾರ್ಕಿನ್ಸನ್ ಎಂಬ ಮಿದುಳಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನೂ ತಪಾಸಣೆಯ ಕ್ರಮವನ್ನೂ ಒಬ್ಬರ ಮೇಲೆ ಜೋಡಿಸಿ, ಕಲಿಕೆಗೆಂದು ಕಟ್ಟಿದ ಪ್ರಕರಣ ಇದು. ಮಿದುಳು, ಮೂಗು, ಔಷಧಗಳ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ.

ಬಂದಾಗ ಹೇಳಿಕೊಂಡದ್ದು

63 ವರ್ಷದ ಗಂಡಸು. ದಾವಣಗೆರೆಯಲ್ಲಿ 35 ವರ್ಷದಿಂದ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಬಂದದ್ದು ಬಲಗೈ ನಡುಕಕ್ಕೆ. ಜರಡಿ ಆಡಿಸುವಾಗ ಕೈ ಮೊದಲಿನ ಹಾಗೆ ಓಡುವುದಿಲ್ಲ, ಕೂತರೆ ಏಳುವುದು ತಡ, ದನಿ ಸಣ್ಣಗಾಗಿದೆ ಎಂಬುದು ದೂರು. ಮೂಗಿನ ಮಾತನ್ನು ಅವರು ಎತ್ತಲೇ ಇಲ್ಲ. ವಾಸನೆ ಹೇಗಿದೆ ಎಂದು ಕೇಳಿದ್ದಕ್ಕೆ ‘ಎಲ್ಲಾ ಸರಿ ಐತ್ರಿ’ ಎಂದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ತಕ್ಷಣ ತಡೆದರು: ‘ಎಲ್ಲಿ ಸರಿ ಐತ್ರಿ? ಹಾಲು ಉಕ್ಕಿ ಸೀದು ಕರಕಲಾದ್ರೂ ಇವ್ರಿಗೆ ಗೊತ್ತಾಗಲ್ಲ.’

ಅದಕ್ಕೆ ಗಂಡನ ಉತ್ತರ ಈ ಪ್ರಕರಣದ ಬೀಗದ ಕೈ. ‘ಮೆಣಸಿನಕಾಯಿ ಹುರಿದ್ರೆ ಕೆಮ್ಮು ಬರ್ತೈತ್ರಿ, ಕಣ್ಣಾಗೆ ನೀರು ಬರ್ತೈತಿ. ಮೂಗು ಕೆಟ್ಟಿದ್ರೆ ಹೆಂಗೆ ಬರ್ತಿತ್ತು?’

ಕನ್ನಡದಲ್ಲಿ ಘಾಟು ಬೇರೆ, ವಾಸನೆ ಬೇರೆ. ನರಶಾಸ್ತ್ರದಲ್ಲೂ ಬೇರೆಯೇ. ವಾಸನೆ ಮಿದುಳಿಗೆ ಹೋಗುವುದು ಮೊದಲನೇ ಕಪಾಲ ನರದ ಮೂಲಕ. ಘಾಟು, ಉರಿ, ತಂಪು, ಚುರುಕು ಹೋಗುವುದು ಐದನೇ ನರವಾದ ಟ್ರೈಜೆಮಿನಲ್ ಮೂಲಕ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಿಡಿಯುವುದು ಟಿಆರ್‌ಪಿವಿ1 ಎಂಬ ಗ್ರಾಹಕವನ್ನು, ಅಂದರೆ ರಾಸಾಯನಿಕ ತಾಗಿದಾಗ ನರವನ್ನು ಎಬ್ಬಿಸುವ ಪ್ರೋಟೀನನ್ನು. ಬಿಸಿಗೆ ಕೈ ಸುಟ್ಟಾಗ ಕೆರಳುವುದೂ ಅದೇ ಗ್ರಾಹಕ. ಅಲ್ಲಿ ಸಂದೇಶ ಸಾಗಿಸುವುದು ಗ್ಲುಟಮೇಟ್ ಎಂಬ ರಾಸಾಯನಿಕದ ಜೊತೆಗೆ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳು. ವಾಸನೆಯ ದಾರಿ ಪೂರ್ತಿ ಮುಚ್ಚಿದ್ದರೂ ಈ ದಾರಿ ತೆರೆದೇ ಇರಬಹುದು. ಹಾಗಾಗಿ ಕರ್ಪೂರ, ವಿಕ್ಸ್, ಅಮೃತಾಂಜನ, ಅಮೋನಿಯಾ ಮೂಸಿಸಿ ‘ವಾಸನೆ ಬರುತ್ತಿದೆ’ ಎಂದು ಬರೆದುಕೊಳ್ಳುವುದು ತಪ್ಪು. ಹೊರರೋಗಿ ವಿಭಾಗಗಳಲ್ಲಿ ಈ ತಪ್ಪು ಈಗಲೂ ನಡೆಯುತ್ತದೆ.

ಯಾವಾಗಿಂದ?

ಈ ಪ್ರಶ್ನೆಗೆ ಉತ್ತರ ತೆಗೆಯಲು ಹೆಚ್ಚು ಹೊತ್ತು ಹಿಡಿಯಿತು, ಆ ಹೊತ್ತು ದಂಡವಾಗಲಿಲ್ಲ. ಮನೆಯವರೆಲ್ಲ ‘ಕೊರೊನಾ ಬಂದಾಗಿಂದ’ ಎಂದೇ ನಂಬಿದ್ದರು. ಹಬ್ಬ, ಜಾತ್ರೆ, ಮದುವೆಗಳನ್ನು ಹಿಡಿದು ಹಿಂದಕ್ಕೆ ಹೋದಾಗ ಹೆಂಡತಿಗೆ ನೆನಪಾಯಿತು. ಕೊರೊನಾಕ್ಕೂ ಮುಂಚಿನ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದಿದ್ದರು. ಒಲೆ ಮೇಲಿನ ಹೋಳಿಗೆ ಹೂರಣ ತಳ ಹತ್ತಿ ಹೊಗೆಯಾಡುತ್ತಿತ್ತು. ಅಡುಗೆಮನೆ ಬಾಗಿಲಲ್ಲೇ ಕೂತಿದ್ದ ಇವರಿಗೆ ಗೊತ್ತಾಗಿರಲಿಲ್ಲ. ಹಿತ್ತಲಿಂದ ಓಡಿ ಬಂದವರು ಹೆಂಡತಿಯೇ. ಅಂದರೆ ಕೈ ನಡುಗುವುದಕ್ಕೆ ಐದಾರು ವರ್ಷ ಮೊದಲೇ ಮೂಗು ಹೋಗಿತ್ತು.

ಎರಡನೇ ಸಾಕ್ಷಿ ಭಟ್ಟಿಯಲ್ಲೇ ಇತ್ತು. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಅರಳುತ್ತದೆ. ಕೂಡಲೇ ಜರಡಿ ಹಿಡಿದು ಮರಳು ಬೇರೆ ಮಾಡಬೇಕು. ಕಾವು ಮಿತಿ ಮೀರಿದರೆ ಕಾಳು ಕಂದುತ್ತದೆ. ಅನುಭವಸ್ಥರು ಬಣ್ಣ ನೋಡುವವರೆಗೆ ಕಾಯುವುದಿಲ್ಲ, ಸೀಯುವ ವಾಸನೆಯ ಮೊದಲ ಎಳೆಗೇ ಬೆಂಕಿ ತಗ್ಗಿಸುತ್ತಾರೆ. ಇವರು ಆ ಕೆಲಸವನ್ನು ಕೆಲವು ವರ್ಷದಿಂದ ಆಳಿಗೆ ಬಿಟ್ಟಿದ್ದರು. ಯಾಕೆ ಬಿಟ್ಟೆ ಎಂದು ಅವರಿಗೇ ಹೇಳಲಾಗಲಿಲ್ಲ. ವಾಸನೆ ನಿಧಾನವಾಗಿ ಕುಂದಿದಾಗ ಮನುಷ್ಯ ತನಗರಿವಿಲ್ಲದೆ ಅದರ ಸುತ್ತ ಬದುಕನ್ನು ಹೊಂದಿಸಿಕೊಳ್ಳುತ್ತಾನೆ. ಆದ್ದರಿಂದ ‘ವಾಸನೆ ಬರುತ್ತದೆಯೇ’ ಎಂದು ಕೇಳಿ ಸುಮ್ಮನಾಗಬಾರದು. ಅಳೆಯಬೇಕು.

ಮೂರನೆಯದು ಲೆಕ್ಕದ ಪುಸ್ತಕ. ಮಗಳು ನಾಲ್ಕು ವರ್ಷದ ಪುಸ್ತಕಗಳನ್ನು ಚೀಲದಲ್ಲಿ ತಂದಿದ್ದರು. ಹಳೆಯದರಲ್ಲಿ ಅಕ್ಷರ ಗೆರೆ ತುಂಬ ನಿಂತಿದೆ. ಕಳೆದ ವರ್ಷದ್ದರಲ್ಲಿ ಪ್ರತಿ ಸಾಲೂ ದೊಡ್ಡದಾಗಿ ಶುರುವಾಗಿ, ‘ಚೀಲ’ ಎಂಬ ಪದಕ್ಕೆ ಬರುವಷ್ಟರಲ್ಲಿ ಇರುವೆಯಷ್ಟಾಗುತ್ತದೆ. ‘ಲ’ ಬರೀ ಒಂದು ಸುತ್ತು. ಇಂಥ ಸಣ್ಣಕ್ಷರಕ್ಕೆ ಮೈಕ್ರೋಗ್ರಾಫಿಯಾ ಎಂದು ಹೆಸರು. ಗ್ಯಾಸ್‌ಗೆ ಎಂದು ಅವರು ನುಂಗುತ್ತಿದ್ದ ಮಾತ್ರೆ (ಅದರ ಮಾತು ಮುಂದೆ ಬರುತ್ತದೆ) ಶುರುವಾಗುವ ಮೂರು ತಿಂಗಳು ಮೊದಲಿನ ಪುಟಗಳಲ್ಲೇ ಅದು ಸಣ್ಣಗೆ ಆರಂಭವಾಗಿತ್ತು. ಈ ಮೂರು ತಿಂಗಳು ಮುಂದೆ ನಿರ್ಣಾಯಕವಾಗುತ್ತದೆ.

ಕೇಳಿದ ಮೇಲೆ ಇನ್ನೆರಡು ಸಂಗತಿ ಹೊರಬಂದವು: ವರ್ಷಗಳಿಂದ ಮಲಬದ್ಧತೆ, ನಾಲ್ಕು ವರ್ಷದಿಂದ ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯುವುದು. ಕನಸು ಕಾಣುವ ಆರ್‌ಇಎಂ ನಿದ್ದೆಯಲ್ಲಿ ಮೈ ಸಡಿಲಾಗಿರಬೇಕು. ಆ ಸಡಿಲಿಕೆ ತಪ್ಪಿದರೆ ಹೀಗಾಗುತ್ತದೆ.

ದಾರಿ ತಪ್ಪಿಸಿದ ಮೂರು ಕಾರಣಗಳು

ಮೊದಲನೆಯದು ಭಟ್ಟಿ ಹೊಗೆ. ಹೊಟ್ಟಿನ ಹೊಗೆ, ದೂಳು ಮೂಗಿನ ಒಳಪೊರೆಯನ್ನು ಕೆಡಿಸಬಲ್ಲವು, ಆ ಅನುಮಾನ ನ್ಯಾಯವೇ. ಆದರೆ ಹೊಗೆಗೆ ಮೂಗು ಒಗ್ಗಿ ಹೋಗುವುದು ಬೇರೆ, ವಾಸನೆ ಹೋಗುವುದು ಬೇರೆ. ಒಂದೇ ವಾಸನೆಯಲ್ಲಿ ಇದ್ದರೆ, ವಾಸನೆ ಹಿಡಿಯುವ ಘ್ರಾಣಕೋಶದೊಳಗೆ ಕ್ಯಾಲ್ಸಿಯಂ ಏರಿ, ಕ್ಯಾಲ್ಮೊಡುಲಿನ್ ಪ್ರೋಟೀನಿನ ಜೊತೆ ಸೇರಿ ಅಯಾನು ದ್ವಾರಗಳ ಸೂಕ್ಷ್ಮತೆಯನ್ನು ತಗ್ಗಿಸುತ್ತದೆ. ಹೊರಗೆ ಹೋಗಿ ತಿರುಗಾಡಿ ಬಂದರೆ ಅದು ಮರಳುತ್ತದೆ. ಇವರು ಮಗಳ ಮನೆಗೆಂದು ಹದಿನೈದು ದಿನ ಭಟ್ಟಿಯಿಂದ ದೂರ ಇದ್ದು ಬಂದಿದ್ದರು, ವ್ಯತ್ಯಾಸ ಆಗಿರಲಿಲ್ಲ. ಎಂಡೋಸ್ಕೋಪಿಯಲ್ಲಿ ಪಾಲಿಪ್ ಎಂಬ ಮೆತ್ತನೆಯ ಗಡ್ಡೆ ಇಲ್ಲ, ಕೀವಿಲ್ಲ, ನಡುಗೋಡೆ ಸ್ವಲ್ಪ ಸೊಟ್ಟ ಅಷ್ಟೇ. ಮೂರು ತಿಂಗಳು ಸ್ಟೀರಾಯ್ಡ್ ಸ್ಪ್ರೇ ಹಾಕಿದ್ದೂ ಕೈ ಹಿಡಿದಿರಲಿಲ್ಲ. ಗಾಳಿ ಮೇಲಕ್ಕೆ ತಲುಪುತ್ತಿದೆ, ಆದರೂ ವಾಸನೆ ಇಲ್ಲ ಎಂದರೆ ತೊಂದರೆ ನರದಲ್ಲಿ ಅಥವಾ ಅದರ ಆಚೆ.

ಎರಡನೆಯದು ಕೊರೊನಾ. ತಾರೀಖು ಅದನ್ನು ಹೊರಗಿಟ್ಟಿತು.

ಮೂರನೆಯದು ಸೂಕ್ಷ್ಮ, ಅಪಾಯಕಾರಿ. ‘ಗ್ಯಾಸ್’ ಎಂದು ಎಂಟು ತಿಂಗಳಿಂದ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಒಂದು ಕ್ಯಾಪ್ಸೂಲ್ ತಂದು ನುಂಗುತ್ತಿದ್ದರು. ಖಾಲಿ ಪಟ್ಟಿ ತರಿಸಿ ಹಿಂಬದಿ ಓದಿದಾಗ ಸಿಕ್ಕಿದ್ದು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಲೆವೊಸಲ್ಪಿರೈಡ್ 75 ಮಿಲಿಗ್ರಾಂ. ಮೊದಲನೆಯದು ಆಮ್ಲ ತಗ್ಗಿಸುತ್ತದೆ. ಎರಡನೆಯದು, ನರಗಳ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಡಿ2 ಗ್ರಾಹಕವನ್ನು ಮುಚ್ಚುತ್ತದೆ. ಹೊಟ್ಟೆಯಲ್ಲಿ ಮುಚ್ಚಿದರೆ ಆಹಾರ ಬೇಗ ಮುಂದಕ್ಕೆ ಸಾಗುತ್ತದೆ. ಮಿದುಳಿನಲ್ಲಿ ಮುಚ್ಚಿದರೆ ಪಾರ್ಕಿನ್ಸನ್ ಕಾಯಿಲೆಯದೇ ಪಡಿಯಚ್ಚು ಎದ್ದು ನಿಲ್ಲುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇವೂ ಹಾಗೆ ಮಾಡಬಲ್ಲವು. ನಡುಕ ಎಂದು ಬಂದ ಹಿರಿಯರ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು.

ಹಾಗಾದರೆ ಇವರದು ಮಾತ್ರೆಯಿಂದ ಬಂದ ನಡುಕವೋ, ನಿಜವಾದ ಪಾರ್ಕಿನ್ಸನ್ನೋ? ಮೂಗು ಸಾಕ್ಷಿ ಹೇಳುವುದು ಇಲ್ಲಿ. ಬರೀ ಔಷಧದಿಂದ ಬಂದ ಲಕ್ಷಣದಲ್ಲಿ ವಾಸನೆ ಸಾಮಾನ್ಯವಾಗಿ ಉಳಿದಿರುತ್ತದೆ. ವಾಸನೆಯೂ ಹೋಗಿದ್ದರೆ, ಒಳಗೆ ಸದ್ದಿಲ್ಲದೆ ಬೆಳೆಯುತ್ತಿದ್ದ ಕಾಯಿಲೆಯನ್ನು ಮಾತ್ರೆ ಹೊರಗೆಳೆದಿದೆ ಎಂಬ ಅನುಮಾನ ಬಲವಾಗುತ್ತದೆ. ಲೆಕ್ಕದ ಪುಸ್ತಕದ ಆ ಮೂರು ತಿಂಗಳು ಇದಕ್ಕೆ ತಾಳೆಯಾಯಿತು.

ವಾಸನೆಯನ್ನು ಅಳೆದದ್ದು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ರೂಪುಗೊಂಡ 40 ವಾಸನೆಗಳ ಕೆರೆದು ಮೂಸುವ ಪುಸ್ತಿಕೆ ಇದೆ. 1997ರಲ್ಲಿ ಜರ್ಮನಿಯಿಂದ ಬಂದ ಸ್ನಿಫಿನ್ ಸ್ಟಿಕ್ಸ್ ಎಂಬ ಪೆನ್ನುಗಳಿವೆ. ಎರಡೂ ಒಳ್ಳೆಯವು, ದುಬಾರಿ. ಜೊತೆಗೆ ಅವುಗಳಲ್ಲಿನ ಕೆಲವು ವಾಸನೆ ನಮ್ಮ ಕಡೆಯವರು ಹುಟ್ಟಾರಭ್ಯ ಮೂಸಿರದಂಥವು. ಗೊತ್ತಿಲ್ಲದ ವಾಸನೆಗೆ ಹೆಸರು ಹೇಳದಿದ್ದರೆ ಅದು ಮೂಗಿನ ದೋಷವಲ್ಲ. ಇಲ್ಲಿ ಎರಡು ಸರಳ ಪರೀಕ್ಷೆ ಮಾಡಲಾಯಿತು.

ಒಂದು, ಅಡುಗೆಮನೆಯ 12 ವಾಸನೆ. ಒಳಗಿನದು ಕಾಣದ 12 ಪುಟ್ಟ ಡಬ್ಬಿ, ಪ್ರತಿಯೊಂದರ ತಳದಲ್ಲಿ ಹತ್ತಿ, ಅದರ ಕೆಳಗೆ ವಸ್ತು: ಕಾಫಿಪುಡಿ, ಏಲಕ್ಕಿ, ಲವಂಗ, ಜೀರಿಗೆ, ಸೋಂಪು, ಇಂಗು, ನಿಂಬೆ ಸಿಪ್ಪೆ, ಬಾಳೆಹಣ್ಣು, ತುಪ್ಪ, ಮಲ್ಲಿಗೆ, ಸೀಮೆಎಣ್ಣೆ, ಕೊತ್ತಂಬರಿ ಸೊಪ್ಪು. ಆ ದಿನ ಬೆಳಿಗ್ಗೆಯೇ ತುಂಬಿರಬೇಕು. ಹಳೇ ಏಲಕ್ಕಿ ಒಳ್ಳೇ ಮೂಗನ್ನೂ ಸೋಲಿಸುತ್ತದೆ. ಕಣ್ಣು ಮುಚ್ಚಿಸಿ, ಮೂಗಿನಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಮೂರು ಸೆಕೆಂಡು ಹಿಡಿದು, ನಾಲ್ಕು ಹೆಸರು ಹೇಳಿ ಒಂದನ್ನು ಆರಿಸಲು ಹೇಳಬೇಕು. ಗೊತ್ತಿಲ್ಲ ಎಂದರೂ ಊಹಿಸಲೇಬೇಕು. ಎರಡು ಡಬ್ಬಿಗಳ ನಡುವೆ ಅರ್ಧ ನಿಮಿಷ ಬಿಡಬೇಕು. ಬರೀ ಊಹೆಯಿಂದಲೇ 12ರಲ್ಲಿ ಸರಾಸರಿ 3 ಸರಿಯಾಗುತ್ತದೆ. ಸೊನ್ನೆ ಬಂದರೆ ಬೇಕೆಂದೇ ತಪ್ಪು ಹೇಳುತ್ತಿದ್ದಾರೆಯೇ ಎಂದು ಯೋಚಿಸಬೇಕು. ಊಹಿಸುವವನಿಗೆ ಸೊನ್ನೆ ಬರುವ ಸಾಧ್ಯತೆ ನೂರಕ್ಕೆ ಮೂರು ಮಾತ್ರ. ಇವರಿಗೆ ಬಂದದ್ದು 4. ಅದೇ ಕೋಣೆಯಲ್ಲಿ ಹೆಂಡತಿಗೆ 11.

ಎರಡು, ಸ್ಪಿರಿಟ್ ಪರೀಕ್ಷೆ. ಇಂಜೆಕ್ಷನ್‌ಗೆ ಮುಂಚೆ ಒರೆಸುವ 70% ಐಸೊಪ್ರೊಪೈಲ್ ಆಲ್ಕೊಹಾಲ್ ಪಟ್ಟಿ, ಒಂದು ಅಳತೆ ಟೇಪು ಸಾಕು. ಫ್ಯಾನ್ ಆರಿಸಿ, ಕಣ್ಣು ಮುಚ್ಚಿಸಿ, ಮೂಗಿನಿಂದ 30 ಸೆಂಟಿಮೀಟರ್ ಕೆಳಗೆ ಪಟ್ಟಿ ಹಿಡಿದು, ಪ್ರತಿ ಉಸಿರು ಬಿಟ್ಟಾಗ ಒಂದೊಂದು ಸೆಂಟಿಮೀಟರ್ ಮೇಲಕ್ಕೆ ತರಬೇಕು. ಬಂತು ಎಂದಾಗ ದೂರ ಬರೆದುಕೊಳ್ಳಬೇಕು. 45 ಸೆಕೆಂಡು ಬಿಟ್ಟು ಮತ್ತೆ, ಒಟ್ಟು ನಾಲ್ಕು ಸಲ ಮಾಡಿ ಸರಾಸರಿ ತೆಗೆಯಬೇಕು. ಇವರದು 4 ಸೆಂಟಿಮೀಟರ್, ಹೆಂಡತಿಯದು 18. ಕೆಲಸಕ್ಕೆ ಮುನ್ನ ಅದೇ ಸ್ಪಿರಿಟ್‌ನಿಂದ ಕೈ ಒರೆಸಿಕೊಂಡು ಬಂದು ಪರೀಕ್ಷೆ ಮಾಡಿದರೆ ಕೋಣೆಯೆಲ್ಲ ವಾಸನೆಯಾಗಿ ಅಳತೆ ಹಾಳಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದೇ. ಮೂಗಿನ ತೀರಾ ಹತ್ತಿರ ಸ್ಪಿರಿಟ್ಟಿನ ಚುರುಕು ಟ್ರೈಜೆಮಿನಲ್ ನರಕ್ಕೂ ತಟ್ಟುತ್ತದೆ, ಹಾಗಾಗಿ ಆ 4 ಸೆಂಟಿಮೀಟರೂ ಪೂರಾ ವಾಸನೆಯ ಲೆಕ್ಕಕ್ಕೆ ಸೇರದಿರಬಹುದು.

ಇಷ್ಟರಿಂದಲೇ ಪಾರ್ಕಿನ್ಸನ್ ಎನ್ನಲಾಗದು. 65ರಿಂದ 80 ವಯಸ್ಸಿನವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವಾಸನೆ ಗಣನೀಯವಾಗಿ ಕುಂದಿರುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಪಾರ್ಕಿನ್ಸನ್ ಬರುವುದಿಲ್ಲ. ವಾಸನೆ ಹೋಗಿದೆ ಎಂದು ಯಾರೂ ಹೆದರಿ ನಿದ್ದೆಗೆಡಬೇಕಿಲ್ಲ. ವಾಸನೆ, ನಿದ್ದೆ, ಮಲಬದ್ಧತೆ, ಒಂದೇ ಕಡೆಯ ನಿಧಾನ, ಎಲ್ಲ ಒಟ್ಟಿಗೆ ಬಂದಾಗ ಮಾತು ಬೇರೆ. ಎಂಆರ್‌ಐ ಮಾಡಿದ್ದು ಮುಖ್ಯವಾಗಿ ಘ್ರಾಣ ನರದ ಬುಡದಲ್ಲಿ ಗಡ್ಡೆಯಾಗಲಿ, ಹಳೇ ಪೆಟ್ಟಿನ ಗುರುತಾಗಲಿ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳಲು. ಇರಲಿಲ್ಲ. ಥೈರಾಯ್ಡ್, ಬಿ12, ಸಕ್ಕರೆ ಸರಿಯಿದ್ದವು.

ಮೂಗಿನಿಂದ ಮಿದುಳಿಗೆ: ಯಾವ ರಾಸಾಯನಿಕ ಎಲ್ಲಿ

ಮೂಗಿನ ಮಾಳಿಗೆಯಲ್ಲಿ ಕೆಲವೇ ಚದರ ಸೆಂಟಿಮೀಟರ್ ಜಾಗದಲ್ಲಿ ಲಕ್ಷಾಂತರ ಘ್ರಾಣಕೋಶಗಳಿವೆ. ಮನುಷ್ಯನಲ್ಲಿ ಕೆಲಸ ಮಾಡುವ ವಾಸನಾಗ್ರಾಹಕಗಳು ಸುಮಾರು 400 ಬಗೆ, ಒಂದೊಂದು ಕೋಶವೂ ಒಂದೇ ಬಗೆಯನ್ನು ಹೊತ್ತಿರುತ್ತದೆ. ಈ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ತೋರಿಸಿದರು, 2004ರಲ್ಲಿ ನೊಬೆಲ್ ಬಂತು. ಅಣು ಗ್ರಾಹಕಕ್ಕೆ ಕೂತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ, ದ್ವಾರ ತೆರೆದು ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗುತ್ತವೆ, ಕ್ಲೋರೈಡ್ ಹೊರಹೋಗುತ್ತದೆ, ವಿದ್ಯುತ್ ಮಿಡಿತ ಹುಟ್ಟುತ್ತದೆ. ಮೂಗಿನ ಮೇಲಿನ ಎಲುಬಿನ ಜರಡಿಯಂಥ ರಂಧ್ರಗಳ ಮೂಲಕ ಆ ಮಿಡಿತ ಮಿದುಳಿನ ತಳದಲ್ಲಿರುವ ಘ್ರಾಣ ಬಲ್ಬ್ ತಲುಪುತ್ತದೆ.

ಅಲ್ಲಿಂದ ನರವಾಹಕಗಳ ಕೆಲಸ ಶುರು. ಒಂದು ನರಕೋಶದ ತುದಿಯಿಂದ ಸುರಿದು ಮುಂದಿನದನ್ನು ಎಬ್ಬಿಸುವ ಇಲ್ಲವೇ ತಣಿಸುವ ರಾಸಾಯನಿಕಕ್ಕೆ ನರವಾಹಕ ಎನ್ನುತ್ತಾರೆ. ಘ್ರಾಣಕೋಶದ ತುದಿಯಿಂದ ಸುರಿಯುವುದು ಗ್ಲುಟಮೇಟ್. ಒಂದೇ ಬಗೆಯ ಗ್ರಾಹಕ ಹೊತ್ತ ಕೋಶಗಳ ತಂತುಗಳೆಲ್ಲ ಬಂದು ಗ್ಲೊಮೆರುಲಸ್ ಎಂಬ ಪುಟ್ಟ ಉಂಡೆಯಲ್ಲಿ ಸೇರುತ್ತವೆ. ಅಲ್ಲಿ ಮೈಟ್ರಲ್, ಟಫ್ಟೆಡ್ ಎಂಬ ಕೋಶಗಳು ಆ ಗ್ಲುಟಮೇಟನ್ನು ಸ್ವೀಕರಿಸಿ ಸಂದೇಶವನ್ನು ಮುಂದಕ್ಕೆ, ವಾಸನೆ ಗುರುತಿಸುವ ಪಿರಿಫಾರ್ಮ್ ತೊಗಟೆಗೂ ಭಾವನೆಯ ಜಾಗವಾದ ಅಮಿಗ್ಡಲಾಕ್ಕೂ ಒಯ್ಯುತ್ತವೆ. ಕಣ್ಣು, ಕಿವಿಯ ಸಂದೇಶದ ಹಾಗೆ ಮೊದಲು ಥಲಾಮಸ್ ಎಂಬ ನಡುಠಾಣೆಯನ್ನು ಹಾಯಬೇಕೆಂಬ ಕಟ್ಟಳೆ ಇದಕ್ಕಿಲ್ಲ. ನೆನಪು, ಭಾವನೆಗಳ ಜಾಗಕ್ಕೆ ವಾಸನೆ ಇಷ್ಟು ಬೇಗ ತಲುಪುವುದು ಅದಕ್ಕೇ.

ಬಲ್ಬಿನ ನಿಜವಾದ ಸೊಗಸು ತಡೆಯುವ ಕೆಲಸದಲ್ಲಿದೆ. ಗ್ರಾನ್ಯೂಲ್ ಕೋಶಕ್ಕೆ ಆಕ್ಸಾನ್ ಎಂಬ ಬಾಲವೇ ಇಲ್ಲ. ಮೈಟ್ರಲ್ ಕೋಶದ ಕವಲಿಗೆ ತನ್ನ ಕವಲನ್ನು ತಾಗಿಸಿಕೊಂಡಿರುತ್ತದೆ. ಮೈಟ್ರಲ್ ಗ್ಲುಟಮೇಟ್ ಕೊಟ್ಟರೆ ಗ್ರಾನ್ಯೂಲ್ ಅದೇ ಜಾಗದಲ್ಲಿ ಗಾಬಾ ಎಂಬ ತಡೆಯುವ ರಾಸಾಯನಿಕವನ್ನು ತಿರುಗಿ ಕೊಡುತ್ತದೆ. ಈ ಎದುರುಬದುರು ಕೊಡುಕೊಳ್ಳುವಿಕೆಯನ್ನು 1966ರಲ್ಲಿ ರಾಲ್, ಶೆಫರ್ಡ್, ರೀಸ್, ಬ್ರೈಟ್‌ಮನ್ ವಿವರಿಸಿದರು. ಜೋರಾಗಿ ಮಿಡಿದ ಮೈಟ್ರಲ್ ಕೋಶ ಹೀಗೆ ತನ್ನನ್ನೂ ಅಕ್ಕಪಕ್ಕದವುಗಳನ್ನೂ ತಗ್ಗಿಸುತ್ತದೆ. ಹತ್ತಿರ ಹತ್ತಿರದ ಎರಡು ವಾಸನೆ, ಉದಾಹರಣೆಗೆ ಜೀರಿಗೆ ಮತ್ತು ಸೋಂಪು, ಬೇರೆ ಬೇರೆಯಾಗಿ ತಿಳಿಯಲು ಈ ತಡೆ ಬೇಕು.

ಇನ್ನು ಡೋಪಮೈನ್. ಗ್ಲೊಮೆರುಲಸ್ ಸುತ್ತ ಕೂತ ಕೆಲವು ಕೋಶಗಳು ಗಾಬಾ ಜೊತೆಗೆ ಡೋಪಮೈನನ್ನೂ ಬಿಡುತ್ತವೆ. ಅದು ಘ್ರಾಣಕೋಶದ ತುದಿಯಲ್ಲಿರುವ ಡಿ2 ಗ್ರಾಹಕಕ್ಕೆ ತಾಗಿ, ಅಲ್ಲಿ ಕ್ಯಾಲ್ಸಿಯಂ ಒಳಬರುವುದನ್ನು ತಗ್ಗಿಸಿ, ಗ್ಲುಟಮೇಟ್ ಸುರಿಯುವುದನ್ನು ಕಡಿಮೆ ಮಾಡುತ್ತದೆ. ಭದ್ರಾ ನಾಲೆಯ ಬಯಲಿನವರಿಗೆ ಇದನ್ನು ಹೇಳುವುದು ಸುಲಭ: ನಾಲೆಯಲ್ಲಿ ಬರುವ ನೀರು ಗ್ಲುಟಮೇಟ್, ತೂಬಿನ ಹಲಗೆ ಡೋಪಮೈನ್. ನೀರು ಜೋರಾದಾಗ ಹಲಗೆ ಇಳಿಸಿ ಗದ್ದೆ ಉಳಿಸುವುದು ಅದರ ಕೆಲಸ.

ಇದಲ್ಲದೆ ಮಿದುಳಿನ ಒಳಗಿನಿಂದ ಬಲ್ಬಿಗೆ ಮೂರು ದಾರಿ ಇಳಿದು ಬರುತ್ತವೆ. ಬ್ರೋಕಾನ ಓರೆಪಟ್ಟಿ (ಡಯಾಗನಲ್ ಬ್ಯಾಂಡ್) ಎಂಬ ಮುಂಮಿದುಳಿನ ತಳಭಾಗದಿಂದ ಅಸಿಟೈಲ್‌ಕೋಲಿನ್, ಮಿದುಳುಕಾಂಡದ ಲೋಕಸ್ ಸೆರೂಲಿಯಸ್‌ನಿಂದ ನಾರ್‌ಅಡ್ರಿನಲಿನ್, ಅಲ್ಲಿನದೇ ರಾಫೆ ಗುಂಪಿನಿಂದ ಸೆರೊಟೋನಿನ್. ಗಮನ ಇಟ್ಟು ಮೂಸುವುದು, ಹೊಸ ವಾಸನೆ ಕಲಿಯುವುದು, ಹಸಿವಾದಾಗ ಮೂಗು ಚುರುಕಾಗುವುದು ಇವುಗಳಲ್ಲಿ ಇಂಥ ಇಳಿದಾರಿಗಳ ಪಾತ್ರ ದೊಡ್ಡದು.

ಕೈ ಸುಧಾರಿಸಿತು, ಮೂಗು ಯಾಕೆ ಬರಲಿಲ್ಲ?

ಮೊದಲು ಲೆವೊಸಲ್ಪಿರೈಡ್ ನಿಲ್ಲಿಸಲಾಯಿತು. ನಿಲ್ಲಿಸಿದ ಮರುದಿನ ಫಲ ಕಾಣುವುದಿಲ್ಲ. ವಾರಗಳಿಂದ ಹಿಡಿದು ಆರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಮೂರು ತಿಂಗಳಿಗೆ, ತಪಾಸಣೆಯಲ್ಲಿ ಎಡಗೈಯಲ್ಲೂ ಕಂಡಿದ್ದ ಬಿಗಿತ ಬಿಟ್ಟಿತು, ದನಿ ಸ್ವಲ್ಪ ತೆರೆಯಿತು. ಬಲಗೈ ಹಾಗೇ ಇತ್ತು. ಎಡಗಡೆಯ ಪಾಲು ಮಾತ್ರೆಯದು, ಬಲಗಡೆಯದು ಕಾಯಿಲೆಯದು ಎಂದು ಇಲ್ಲಿ ಬೇರೆಯಾಯಿತು. ಆರು ತಿಂಗಳಿಗೂ ಬಲಗೈ ಬದಲಾಗದಿದ್ದಾಗ ಲೆವೊಡೋಪಾ 100 ಮಿಲಿಗ್ರಾಂ, ಕಾರ್ಬಿಡೋಪಾ 25 ಮಿಲಿಗ್ರಾಂ ಇರುವ ಮಾತ್ರೆ ಅರ್ಧರ್ಧ, ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ ಆರಂಭವಾಯಿತು. ಎರಡು ವಾರದ ಮೇಲೆ ಒಂದೊಂದಾಯಿತು. ಕಾಳು, ಹಾಲಿನ ಪ್ರೋಟೀನ್ ಜೊತೆ ನುಂಗಿದರೆ ಕರುಳಿನಲ್ಲಿ ಪೈಪೋಟಿ ಬಿದ್ದು ಮಾತ್ರೆ ಸರಿಯಾಗಿ ಒಳಸೇರುವುದಿಲ್ಲ. ಇವರು ಮೊದಲ ವಾರ ಬೆಳಗಿನ ಹಾಲಿನಲ್ಲೇ ನುಂಗಿ ‘ಏನೂ ಆಗ್ಲಿಲ್ಲ’ ಎಂದದ್ದು ಅದಕ್ಕೇ. ನಡುಕಕ್ಕೆ ಎಂದು ಸಲೀಸಾಗಿ ಬರೆಯುವ ಟ್ರೈಹೆಕ್ಸಿಫೆನಿಡಿಲ್ ಕೊಡಲಿಲ್ಲ. ಅದು ಅಸಿಟೈಲ್‌ಕೋಲಿನ್ ತಡೆಯುತ್ತದೆ. ಈ ವಯಸ್ಸಿನಲ್ಲಿ ಮರೆವು, ಗೊಂದಲ, ಮಲಬದ್ಧತೆ ಹೆಚ್ಚಿಸುತ್ತದೆ.

ಆರು ವಾರಕ್ಕೆ ಜರಡಿ ಮತ್ತೆ ಕೈಗೆ ಬಂತು. ಆಗ ಅವರೇ ಕೇಳಿದರು: ‘ಡೋಪಮೈನ್ ಕಡಿಮೆ ಆಗೈತಿ ಅಂದ್ರಿ, ಮಾತ್ರೆ ಕೊಟ್ರಿ, ಕೈ ಬಂತು. ಮೂಗಿಗೂ ಅದೇ ಹೋಗ್ತೈತಲ್ರಿ, ಮೂಗು ಯಾಕೆ ಬರಲಿಲ್ಲ?’

ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಪ್ರಕರಣದಲ್ಲಿ ಇನ್ನೊಂದಿಲ್ಲ. ‘ಪಾರ್ಕಿನ್ಸನ್ ಎಂದರೆ ಡೋಪಮೈನ್ ಕೊರತೆ’ ಎಂಬ ಒಂದು ಸಾಲಿನ ಪಾಠ ಇಲ್ಲಿ ಸಾಕಾಗುವುದಿಲ್ಲ. ಕೈಯ ಚಲನೆಗೆ ಬೇಕಾದ ಸ್ಟ್ರೈಯೇಟಂ ಎಂಬ ಮಿದುಳಿನ ಭಾಗದಲ್ಲಿ ಡೋಪಮೈನೇ ನೀರು. ಅದನ್ನು ಕಳಿಸುವ, ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳು ಸಾಯುತ್ತವೆ, ಮಾತ್ರೆ ಆ ನೀರನ್ನು ಬೇರೆ ಕಡೆಯಿಂದ ತುಂಬುತ್ತದೆ. ಘ್ರಾಣ ಬಲ್ಬಿನಲ್ಲಿ ಡೋಪಮೈನ್ ತೂಬಿನ ಹಲಗೆ. ಅಲ್ಲಿನ ಡೋಪಮೈನ್ ಕೋಶಗಳು ನೈಗ್ರಾದವುಗಳ ಹಾಗೆ ನಾಶವಾಗುವುದಿಲ್ಲ. ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಬಲ್ಬಿನಲ್ಲಿ ಡೋಪಮೈನ್ ತಯಾರಿಸುವ ಕಿಣ್ವವುಳ್ಳ ಕೋಶಗಳು ಸುಮಾರು ದುಪ್ಪಟ್ಟಿವೆ ಎಂದು 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಬರೆದರು. ಮುಂದಿನ ಅಧ್ಯಯನಗಳಲ್ಲಿ ಹೆಚ್ಚಳದ ಪ್ರಮಾಣ ಎಲ್ಲ ಕಡೆ ಒಂದೇ ಆಗಿ ಬರಲಿಲ್ಲ, ಗಂಡು ಹೆಣ್ಣಿನಲ್ಲೂ ವ್ಯತ್ಯಾಸ ಕಂಡಿತು. ಹಾಗಾಗಿ ‘ಡೋಪಮೈನ್ ಹೆಚ್ಚಾಗಿಯೇ ವಾಸನೆ ಹೋಯಿತು’ ಎಂದು ಗಟ್ಟಿಯಾಗಿ ಹೇಳುವುದು ಸಲ್ಲದು. ಡೋಪಮೈನ್ ಕೊಟ್ಟರೆ ಮೂಗು ಬರಬೇಕು ಎಂಬ ನಿರೀಕ್ಷೆಗೆ ಮಾತ್ರ ಆಧಾರವಿಲ್ಲ. ನೀರೇ ಬರದ ನಾಲೆಯ ಕೊನೆ ಭಾಗಕ್ಕೆ ಹಲಗೆ ತಂದು ಇಟ್ಟರೆ ಗದ್ದೆ ತೊಯ್ಯುವುದಿಲ್ಲ.

ಹಾಗಾದರೆ ಹಾನಿ ಎಲ್ಲಿ? ಆಲ್ಫಾ ಸಿನುಕ್ಲಿನ್ ಎಂಬ ಪ್ರೋಟೀನ್ ಮಡಿಕೆ ತಪ್ಪಿ ಗಂಟುಗಟ್ಟುವುದು ಈ ಕಾಯಿಲೆಯ ಮೂಲ ಗುರುತು. ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಹಂತಗಳ ಪ್ರಕಾರ ಗಂಟುಗಳು ಮೊದಲು ಕಾಣುವುದು ಎರಡು ಕಡೆ: ಹೊಟ್ಟೆ ಕರುಳನ್ನು ನಡೆಸುವ ವೇಗಸ್ ನರದ ಕೇಂದ್ರ, ಮತ್ತು ಘ್ರಾಣ ಬಲ್ಬ್ ಹಾಗೂ ಅದರ ಬೆನ್ನಿಗಿರುವ ಮುಂಘ್ರಾಣ ಕೇಂದ್ರ. ಎರಡನೇ ಹಂತದಲ್ಲಿ ಲೋಕಸ್ ಸೆರೂಲಿಯಸ್ ಮತ್ತು ರಾಫೆ, ಅಂದರೆ ನಾರ್‌ಅಡ್ರಿನಲಿನ್, ಸೆರೊಟೋನಿನ್ ಕಳಿಸುವ ಜಾಗಗಳು. ನೈಗ್ರಾದ ಸರದಿ ಮೂರನೆಯದು. ಎಲ್ಲ ರೋಗಿಗಳೂ ಈ ಕ್ರಮದಲ್ಲೇ ನಡೆಯುವುದಿಲ್ಲ, ಇವರ ಕಥೆ ಮಾತ್ರ ಅದಕ್ಕೆ ಸಾಲುಸಾಲಾಗಿ ಹೊಂದುತ್ತದೆ: ಮೊದಲು ಮೂಗು ಮತ್ತು ಮಲಬದ್ಧತೆ, ಆಮೇಲೆ ನಿದ್ದೆ, ಕೊನೆಗೆ ಕೈ. ಇದರ ಜೊತೆಗೆ ಪಾರ್ಕಿನ್ಸನ್ ರೋಗಿಗಳಲ್ಲಿ ವಾಸನೆ ಎಷ್ಟು ಕುಂದಿದೆ ಎಂಬುದಕ್ಕೂ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ದಾರಿ ಎಷ್ಟು ಸವೆದಿದೆ ಎಂಬುದಕ್ಕೂ ನಂಟಿದೆ ಎಂದು 2010ರ ಪೆಟ್ ಸ್ಕ್ಯಾನ್ ಅಧ್ಯಯನ ತೋರಿಸಿತು. ಹಾನಿ ಒಂದಲ್ಲ, ಹಲವು ನರವಾಹಕಗಳ ದಾರಿಯಲ್ಲಿದೆ. ಅವೆಲ್ಲವನ್ನೂ ಒಟ್ಟಿಗೆ ತುಂಬುವ ಮಾತ್ರೆ ಇಲ್ಲ.

ಪಾರ್ಕಿನ್ಸನ್ ರೋಗಿಗಳಲ್ಲಿ ವಾಸನೆ ಕುಂದುವುದನ್ನು ಮೊದಲು ವರದಿ ಮಾಡಿದ್ದು 1975ರಲ್ಲಿ. 2015ರಲ್ಲಿ ಅಂತರರಾಷ್ಟ್ರೀಯ ಪಾರ್ಕಿನ್ಸನ್ ಸಂಘಟನೆ ಹೊರತಂದ ರೋಗನಿರ್ಣಯದ ಮಾನದಂಡದಲ್ಲಿ ಅದು ಪೂರಕ ಲಕ್ಷಣವಾಗಿ ಸೇರಿತು. ನಡುವೆ ನಾಲ್ಕು ದಶಕ ಹೋಯಿತು. ಪರೀಕ್ಷೆಗೆ ಬೇಕಿರುವುದು ಹನ್ನೆರಡು ಡಬ್ಬಿ, ಒಂದು ಟೇಪು, ಕಾಲು ಗಂಟೆ. ಇನ್ನೂ ಎಷ್ಟೋ ಕಡೆ ಅದು ನಡೆಯುತ್ತಿಲ್ಲ ಎಂಬುದು ನೋವಿನ ಸಂಗತಿ.

ಮೂಗಿಲ್ಲದ ಮನೆಯಲ್ಲಿ ಮಾಡಿಕೊಂಡ ಬದಲಾವಣೆ

ಮೊದಲು ಗ್ಯಾಸ್. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಇವರಿಗೆ ಅದು ಇದ್ದೂ ಇಲ್ಲ. ಸೋರಿಕೆ ಸೂಚಕ ಯಂತ್ರ ತಂದವರು ಹೊಗೆ ಸೂಚಕದ ಹಾಗೆ ಮಾಡಿನ ಹತ್ತಿರ ಹಾಕಿದ್ದರು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಸೂಚಕವನ್ನು ನೆಲದಿಂದ 30 ಸೆಂಟಿಮೀಟರ್ ಒಳಗೆ ಹಾಕಿಸಲಾಯಿತು. ಸಿಲಿಂಡರ್ ಬದಲಿಸಿದಾಗಲೆಲ್ಲ ರೆಗ್ಯುಲೇಟರ್ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು ಮಗನ ಕೆಲಸ.

ಊಟ ಸಪ್ಪೆ ಎಂದು ಉಪ್ಪು ಸುರಿದುಕೊಳ್ಳುತ್ತಿದ್ದರು. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ, ಉಮಾಮಿ ಮಾತ್ರ. ಬೆಣ್ಣೆ ದೋಸೆಯನ್ನು ಬೆಣ್ಣೆ ದೋಸೆ ಮಾಡುವುದು ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಅದಿಲ್ಲದಾಗ ಉಪ್ಪಿನ ಬದಲು ಹುಳಿ, ಖಾರ, ಗರಿಗರಿ ಹೆಚ್ಚಿಸಬೇಕು. ಐದನೇ ನರ ಗಟ್ಟಿಯಿದೆ, ಅದನ್ನು ಬಳಸಿಕೊಳ್ಳುವುದೇ ದಾರಿ. ಮೆಣಸಿನಕಾಯಿ ಬಜ್ಜಿ, ನಿಂಬೆ ಹಿಂಡಿದ ಮಂಡಕ್ಕಿ ಅವರಿಗೆ ಇನ್ನೂ ರುಚಿಯಾಗಿವೆ. ಭಟ್ಟಿಯ ಉಪ್ಪುನೀರನ್ನು ಬಾಯಳತೆ ಬಿಟ್ಟು ತೂಕ ಮಾಡಿ ಬೆರೆಸಲು ಶುರುಮಾಡಿದರು. ಫ್ರಿಜ್ಜಿನ ಡಬ್ಬಿಗಳ ಮೇಲೆ ತಾರೀಖು ಬರೆಯುವುದು ಮನೆಯ ರೂಢಿಯಾಯಿತು.

ಮೂಗಿನ ತರಬೇತಿ

2009ರಲ್ಲಿ ಜರ್ಮನಿಯಲ್ಲಿ ರೂಪಿಸಿದ ಕ್ರಮ ಇದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆ ಎರಡು ಸಲ, 12 ವಾರ. 2013ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೂ ಪ್ರಯೋಗಿಸಿದಾಗ ತರಬೇತಿ ಪಡೆದ ಗುಂಪಿನಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಔಷಧವಲ್ಲ, ಅಪಾಯವೂ ಇಲ್ಲ. ಬೆಳಕು ತಾಗದ ಕಂದು ಬಣ್ಣದ 50 ಮಿಲಿಲೀಟರ್ ಸೀಸೆಯಲ್ಲಿ ಹತ್ತಿ ಇಟ್ಟು 1 ಮಿಲಿಲೀಟರ್ ಎಣ್ಣೆ ಹಾಕಬೇಕು. ಒಂದೊಂದನ್ನೂ ಸುಮಾರು 10 ಸೆಕೆಂಡು, ಮೊಲ ಮೂಸುವ ಹಾಗೆ ಸಣ್ಣ ಸಣ್ಣ ಉಸಿರಿನಲ್ಲಿ ಮೂಸಬೇಕು. ಆ ವಾಸನೆ ಹಿಂದೆ ಹೇಗಿತ್ತು ಎಂದು ಮನಸ್ಸಿಗೆ ತಂದುಕೊಳ್ಳಬೇಕು. ಎಣ್ಣೆಯನ್ನು ಮೂಗಿನೊಳಗೆ ಹಚ್ಚಬಾರದು. ಇವರು ಮೊದಲ ವಾರ ಸೀಸೆಗಳನ್ನು ಭಟ್ಟಿಯ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟುಕೊಂಡು ಮೂಸಿದ್ದರು. ಹೊಗೆಯ ನಡುವೆ ಅದರಿಂದ ಪ್ರಯೋಜನವಿಲ್ಲ. ದೇವರ ಕೋಣೆಯೂ ಬೇಡ, ಊದುಬತ್ತಿಯ ಗಮ ಉಳಿದಿರುತ್ತದೆ. ಹಾಸಿಗೆಯ ತಲೆದೆಸೆಗೆ ಇಟ್ಟು, ಎದ್ದ ಕೂಡಲೇ, ಮಲಗುವ ಮುಂಚೆ ಎಂದು ಬದಲಿಸಿದರು.

ಫಲ ನೋಡುವಾಗ ಎಚ್ಚರ ಬೇಕು. 12 ವಾರಕ್ಕೆ ಲವಂಗ, ನೀಲಗಿರಿಯ ಸೀಸೆ ಗುರುತಿಸತೊಡಗಿದರು. ಮನೆಯವರಿಗೆ ಸಂಭ್ರಮ. ಆದರೆ ಲವಂಗದ ಯೂಜಿನಾಲ್, ನೀಲಗಿರಿಯ ಸಿನಿಯೋಲ್ ಎರಡೂ ಐದನೇ ನರಕ್ಕೆ ಚುರುಕು ಮುಟ್ಟಿಸುತ್ತವೆ. ಅದನ್ನು ವಾಸನೆ ಬಂತೆಂದು ಎಣಿಸುವಂತಿಲ್ಲ. ಗುಲಾಬಿಯ ಮುಖ್ಯ ಅಣುವಾದ ಫಿನೈಲ್ ಈಥೈಲ್ ಆಲ್ಕೊಹಾಲ್‌ಗೆ ಚುರುಕು ಇಲ್ಲವೆನ್ನುವಷ್ಟು ಕಡಿಮೆ, ಅದು ವಾಸನೆಯ ನರದಿಂದ ಮಾತ್ರ ತಿಳಿಯುವುದು. ಹಾಗಾಗಿ ಕೊನೆಯ ಪರೀಕ್ಷೆ ಗುಲಾಬಿಯಿಂದಲೇ ಆಯಿತು. ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಬರೀ ಹತ್ತಿ, ಕಣ್ಣು ಮುಚ್ಚಿಸಿ 20 ಸಲ ಜೋಡಿ ಜೋಡಿಯಾಗಿ ಕೊಟ್ಟು ಯಾವುದರಲ್ಲಿದೆ ಎಂದು ಕೇಳಲಾಯಿತು. ತರಬೇತಿಗೆ ಮುಂಚೆ 20ರಲ್ಲಿ 9 ಸರಿ, ಅಂದರೆ ನಾಣ್ಯ ಚಿಮ್ಮಿದ ಹಾಗೆ. 12 ವಾರದ ಮೇಲೆ 15. ಸ್ಪಿರಿಟ್ ದೂರ 4ರಿಂದ 7 ಸೆಂಟಿಮೀಟರಿಗೆ ಬಂತು. ಡಬ್ಬಿಗಳ ಅಂಕ 4ರಿಂದ 5, ಲೆಕ್ಕಕ್ಕೆ ಸಿಗದಷ್ಟು.

ಗುಲಾಬಿ ಅಂತ ಗೊತ್ತಾಗುತ್ತದೆಯೇ ಎಂದು ಕೇಳಿದಾಗ ಸೀಸೆಯನ್ನು ಇನ್ನೊಮ್ಮೆ ಮೂಗಿನ ಹತ್ತಿರ ಹಿಡಿದರು. ‘ಗುಲಾಬಿ ಅಂತ ಹೇಳಕ್ಕೆ ಬರಲ್ರಿ. ಆದ್ರೆ ಇದ್ರಾಗೆ ಏನೋ ಐತಿ, ಅದ್ರಾಗೆ ಏನೂ ಇಲ್ಲ, ಅಷ್ಟು ಗೊತ್ತಾಗ್ತೈತಿ.’ ಗುಲಾಬಿ ಸೀಸೆಗೆ ಹೊಸ ಎಣ್ಣೆ ತುಂಬಿ, ಇನ್ನೂ 12 ವಾರ ಮುಂದುವರಿಸಲು ಹೇಳಿ ಕಳಿಸಲಾಗಿದೆ.